ಮೊದಲು ಗಾಳಿ

ಬಲಗಾಲು ಮಡಚಬಾರದಂತೆ.
ಗಂಟೆಗೊಮ್ಮೆ ನೀಲವ್ವ ಸಿಸ್ಟರ್ ಬಂದು
ಹೊದಿಕೆ ಸರಿಸಿ, ಪಾದದ ಮೇಲೆ ಎರಡು ಬೆರಳಿಟ್ಟು
ಗೋಡೆ ಗಡಿಯಾರ ನೋಡುತ್ತಾಳೆ.
"ಬೆಚ್ಚಗ ಐತ್ರಿ ಕಾಲು. ಅಳ್ಳಾಡಿಸಬ್ಯಾಡ್ರಿ ಮತ್ತ."

ಮೂವತ್ತೊಂದು ವರ್ಷ ರಸ್ತೆ ನಡುವೆ ಊರಿ ನಿಂತು
ಎದೆಯೆತ್ತರದ ಕಬ್ಬಿಣದ ಕೀ ತಿರುಗಿಸಿದ ಕಾಲು,
ನೀರು ಬಿಡೋ ಚಿಕ್ಕಪಿಳ್ಳಪ್ಪನ ಕಾಲು,
ಹಲಗೆ ಥರ ಬಿದ್ದಿದೆ.

ತೊಡೆಸಂದಿಯಿಂದ ಒಂದು ಸಣ್ಣ ಪೈಪು ಒಳಹೋಗಿದೆ.
ತುದಿಯಲ್ಲಿ ಎಳೆ ಪಡವಲಕಾಯಿಯಂಥ ಬಲೂನು.
ಬೆನ್ನಿಗಂಟಿದ ದೊಡ್ಡ ಮೇನ್ ಲೈನಿನೊಳಗೆ ಕೂತು
ಉಬ್ಬುತ್ತೆ, ಕುಗ್ಗುತ್ತೆ.
ಮಂಚದ ಪಕ್ಕದಲ್ಲಿ ಅದರ ಮಿಷನ್ನು:
ಠಪ್, ಉಸ್. ಠಪ್, ಉಸ್.

ಮಿಷನ್ ನೋಡಿಕೊಳ್ಳೋ ಇಮ್ದಾದ್ ಬಾಯಿಬಿಟ್ಟು ಹೇಳಿದ:
ಹಾರ್ಟು ಒತ್ತುವಾಗ ಇದು ಕುಗ್ಗಿ ದಾರಿ ಬಿಡುತ್ತೆ,
ಹಾರ್ಟು ಸುಮ್ಮನಾದಾಗ ಇದು ಉಬ್ಬಿ
ರಕ್ತಾನ ಹಿಂದಕ್ಕೆ ತಳ್ಳುತ್ತೆ, ಹಾರ್ಟಿನ ಸ್ವಂತ ನಾಳಕ್ಕೆ.
ಒಳಗಿರೋದು ಯಾವ ಗಾಳಿ ಅಂದೆ.
"ಲಾಲ್‌ಬಾಗ್ ಗೇಟಲ್ಲಿ ಮಾರ್ತಾರಲ್ಲ, ಮೇಲೆ ಹಾರೋದು, ಅದೇ ಹೀಲಿಯಂ."
ನಕ್ಕೆ. ನಗಬೇಡಿ ಅಂದ.

ನನಗೆ ಹೊಸದೇನಲ್ಲ ಇದು.
ವಾಲ್ವು ಬಿಚ್ಚಿದರೆ ನಲ್ಲಿಯಲ್ಲಿ ಮೊದಲು ಬರೋದೇ ಗಾಳಿ,
ಬೀದಿಯುದ್ದಕ್ಕೂ ಬುಸ್ ಅನ್ನುತ್ತೆ,
ಕೆಮ್ಮುತ್ತೆ, ಕೆಂಪಗೆ ಒಂದು ಚೂರು ಉಗುಳುತ್ತೆ,
ಆಮೇಲೆ ನೀರು.

ಗೊತ್ತಿಲ್ಲದ್ದು ಒಂದೇ:
ಮೈಗೆಲ್ಲ ಬಿಡೋ ಗುಂಡಿಗೆ
ತಾನು ಕುಡಿಯೋದು ಕೆಲಸ ನಿಂತಾಗ ಮಾತ್ರ ಅನ್ನೋದು,
ಎರಡು ಬಡಿತದ ನಡುವಿನ ಸಂದಿನಲ್ಲಿ.

ಲಗ್ಗೆರೆಯ ಏರಿನಲ್ಲಿ, ಲೈನಿನ ಕಟ್ಟಕಡೆಗೆ ನಮ್ಮ ಮನೆ.
ನೀರು ಬಿಡೋನ ಹೆಂಡ್ತಿ ಟ್ಯಾಂಕರಿಗೆ ಕಾಯ್ತಾಳೆ ಅಂತ
ಬೀದಿಯವರು ಆಡಿಕೊಳ್ಳೋರು.
ಅಕ್ಕಯ್ಯಮ್ಮ ಒಂದು ದಿನ ಕೇಳಲಿಲ್ಲ. ಬಿಂದಿಗೆಯನ್ನ ಮಾತ್ರ
ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಸಂಜೆ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದರು.
ಎಡಗಡೆ, ಬುಡದಲ್ಲೇ ಬ್ಲಾಕು. ಪಂಪಿಂಗು ಇಪ್ಪತ್ತೆರಡು.
ಹಾಗೇ ಕುಯ್ದರೆ ಟೇಬಲ್ ಮೇಲೇ ನಿಂತುಹೋಗಬಹುದು,
ಇವತ್ತೊಂದು ರಾತ್ರಿ ಅದು ಸುಧಾರಿಸಿಕೊಳ್ಳಲಿ.
"ಇದಿದ್ರೆ ಗ್ಯಾರಂಟಿನಾ ಮೇಡಂ?" ಮಗಳು ಪುಷ್ಪವೇಣಿ.
"ಇಲ್ಲಮ್ಮ. ಇದಿಲ್ಲದೆ ನಾನು ಕೈ ಹಾಕಲ್ಲ, ಅಷ್ಟೇ."
ಆ ಮಾತು ನನಗೆ ಹಿಡಿಸಿತು.
ನಾನು ಹಾಗೆ ಮಾತಾಡಿದವನಲ್ಲ.

ಆ ಬೇಸಿಗೆ, ಕಲ್ಯಾಣಮಂಟಪದ ಸಂಪು ತುಂಬಬೇಕಿತ್ತು,
ಜೇಬಿನಲ್ಲಿ ಇನ್ನೂರು ರೂಪಾಯಿ ಇತ್ತು.
ಕೊನೇ ಕ್ರಾಸಿನ ವಾಲ್ವು ನಾಲ್ಕು ಸುತ್ತು ಕಡಿಮೆ ಬಿಚ್ಚಿದೆ.
ಬೆಳಗಿನ ಜಾವ ಶಾಹಿದಾಬಿ, ಹನ್ನೊಂದು ಕೊಡ ಸಾಲಿಟ್ಟು,
"ಬರ್ತಾ ಇದೆಯಾ ಅಣ್ಣ?"
"ಪ್ರೆಶರ್ ಇಲ್ಲಮ್ಮ, ಮೇಲಿಂದಾನೇ ಇಲ್ಲ."
ಅವಳು ನಂಬಿದಳು.
ಅದೇ ಈಗ ಒತ್ತುತ್ತೆ, ಈ ಬಲೂನಿಗಿಂತ.

ಮೂರು ಗಂಟೆ. ನನ್ನ ಡ್ಯೂಟಿ ಹೊತ್ತು.
ಈಗ ಯಾವನೋ ಹೊಸ ಹುಡುಗ ಮುಚ್ಚಳ ಎತ್ತಿರುತ್ತಾನೆ.
ಹದಿನೇಳನೇ ಸುತ್ತಿಗೆ ಸಿಗಿಬೀಳುತ್ತೆ ಅದು,
ಬಲವಂತ ಮಾಡಬಾರದು, ಅರ್ಧ ಹಿಂದೆ ತಂದು ಮತ್ತೆ ಬಿಡಬೇಕು.
ಯಾರಾದರೂ ಹೇಳಿದ್ದಾರೋ ಇಲ್ಲವೋ.
ಹಾಸಿಗೆಯ ಮೇಲೆ ಕೈ ತಾನಾಗೇ ತಿರುಗುತ್ತಿದೆ.

"ನಿದ್ದಿ ಹತ್ತಲಿಲ್ಲೇನ್ರಿ?"
ಮತ್ತೆ ಹೊದಿಕೆ ಸರಿಯಿತು, ಪಾದದ ಮೇಲೆ ಎರಡು ಬೆರಳು.
ಅವಳು ಬಹಳ ಹೊತ್ತು ತೆಗೆದುಕೊಂಡಳು,
ಗಡಿಯಾರದಿಂದ ಕಣ್ಣು ಕೀಳದೆ.

ಕೇಳಬಾರದೆಂದುಕೊಂಡಿದ್ದೆ, ಕೇಳಿದೆ:
"ಬರ್ತಾ ಇದೆಯಾ ತಾಯಿ?"

"ತಡೀರಿ," ಅಂದಳು.
ಠಪ್, ಉಸ್.
"ಹಾಂ. ಸಣ್ಣಗ ಬರಾಕತ್ತೈತ್ರಿ."